ಕಾಂಚನಬುರಿಗೆ ಹೋಗಿ ಬಾ

ಚಿ. ನಂದಿನಿಗೆ ದೊಡ್ಡಪ್ಪನ ಆಶೀರ್ವಾದ.

ಬ್ಯಾಂಕಾಕ್‌ಗೆ ಟಿಕೆಟ್ ಆಯಿತು ಅಂತ ನಿಮ್ಮಪ್ಪ ಹೇಳಿದ. ಖುಷಿಯಾಯಿತು. ಒಂದು ದಿನ ಬಿಡುವು ಮಾಡಿಕೊಂಡು ಕಾಂಚನಬುರಿಗೂ ಹೋಗಿ ಬಾ. ಬ್ಯಾಂಕಾಕ್‌ನ ತೋನ್‌ಬುರಿ ಸ್ಟೇಷನ್ನಿನಿಂದ ರೈಲಿದೆ.

ಅಲ್ಲಿಗೆ ಹೋದವರು ಕ್ವಾಯ್ ನದಿಯ ಸೇತುವೆ ಮೇಲೆ ಫೋಟೋ ತೆಗೆಸಿಕೊಂಡು ವಾಪಸ್ ಬರುತ್ತಾರೆ. ನೀನು ಇನ್ನೂ ಸ್ವಲ್ಪ ನಡೆ. ಸೇತುವೆಯ ಹತ್ತಿರವೇ ಒಂದು ಸ್ಮಾರಕವಿದೆ. 1944ರಲ್ಲಿ ಜಪಾನಿನ ಸೇನೆ ಕಟ್ಟಿಸಿದ್ದು. ಆ ಸೇತುವೆ ದಾಟಿ ಬರ್ಮಾಕ್ಕೆ ರೈಲು ಹಾಕಲು ಜನರನ್ನು ಸಾಯುವಂತೆ ದುಡಿಸಿದ ಸೇನೆಯೇ, ಸತ್ತವರ ನೆನಪಿಗೆ ಅಂತ ಅದನ್ನು ನಿಲ್ಲಿಸಿತು. ಆಗ ಎರಡನೇ ಮಹಾಯುದ್ಧ ಇನ್ನೂ ಮುಗಿದೇ ಇರಲಿಲ್ಲ.

ನಾನು ಅದಕ್ಕೊಂದು ಸುತ್ತು ಹಾಕಿದ್ದೆ. ಬೇರೆ ಬೇರೆ ಭಾಷೆಯಲ್ಲಿ ಬರೆಸಿದ್ದಾರೆ. ಒಂದು ಕಡೆ ತಮಿಳು ಅಕ್ಷರ ಕಂಡಿತು. ಅಲ್ಲೇ ನಿಂತುಬಿಟ್ಟೆ. ಥಾಯ್ಲೆಂಡಿನಲ್ಲಿ, ಜಪಾನಿಯರ ಸ್ಮಾರಕದಲ್ಲಿ ತಮಿಳು ಯಾಕೆ? ಮಲಯಾದ ರಬ್ಬರ್ ತೋಟದ ತಮಿಳು ಕೂಲಿಗಳನ್ನು ಅಲ್ಲಿಗೆ ತಂದಿದ್ದರು. ಒಳ್ಳೆ ಕೂಲಿ, ಸ್ವಲ್ಪ ದಿನದ ಕೆಲಸ ಅಂತ ನಂಬಿಸಿ ಕೆಲವರನ್ನು, ಹಿಡಿದು ಎಳೆದುಕೊಂಡು ಕೆಲವರನ್ನು. ಬರ್ಮಾದವರು, ಜಾವಾದವರೂ ಇದ್ದರು.

415 ಕಿ.ಮೀ. ಹಳಿ ವರ್ಷ ಚಿಲ್ಲರೆಯಲ್ಲೇ ಮುಗಿಯಿತು, 1943ರ ಅಕ್ಟೋಬರ್‌ಗೆ. ಕಾಲರಾ, ಮಲೇರಿಯಾ, ಹಸಿವು. ಕೂಲಿಗಳ ಜೊತೆ ಜಪಾನಿಯರು ದುಡಿಸಿದ ಯುದ್ಧಕೈದಿಗಳಲ್ಲಿ ಸತ್ತವರು 12,000ಕ್ಕೂ ಜಾಸ್ತಿ. ಕೂಲಿಗಳಲ್ಲಿ ಸುಮಾರು 90,000 ಅನ್ನುತ್ತಾರೆ. ಅದು ಬರೀ ಅಂದಾಜು. ಅವರ ಲೆಕ್ಕ ಇಟ್ಟವರು ಯಾರು? ಊರೊಳಗಿನ ಯುದ್ಧಸ್ಮಶಾನದಲ್ಲಿ ಸುಮಾರು 7,000 ಕೈದಿಗಳು ಮಲಗಿದ್ದಾರೆ. ಸಾಲು ಸಾಲು ಫಲಕ, ಹೆಸರು, ವಯಸ್ಸು. ಕೂಲಿಗಳಿಗೆ ಅಂಥದ್ದು ಇಲ್ಲ ಮಗಳೇ. ಆ ತಮಿಳು ಸಾಲುಗಳ ಹತ್ತಿರ ಜಾಸ್ತಿ ಹೊತ್ತು ನಿಲ್ಲು ಅನ್ನುವುದು ಅದಕ್ಕೇ.

ಕೈಮುಗಿ. ಕಟ್ಟಿಸಿದವರು ಯಾರು ಅಂತ ನೋಡಿ ಸುಮ್ನೆ ಬಂದುಬಿಡಬೇಡ, ಸತ್ತವರು ಏನು ಮಾಡಿದ್ದರು? ಹಾಗಂತ ಸ್ಮಾರಕ ನಿಲ್ಲಿಸಿದ ಮೇಲೆ ಲೆಕ್ಕ ಚುಕ್ತಾ ಆಯಿತು ಅಂತಲೂ ಅಂದುಕೊಳ್ಳಬೇಡ. ಜಪಾನಿನ ಪ್ರವಾಸಿಗಳು ಸಿಕ್ಕರೆ ಮುಖ ತಿರುಗಿಸಬೇಡ. ನಿನ್ನ ವಯಸ್ಸಿನವರು ಮಾಡಿದ ತಪ್ಪಲ್ಲ ಅದು. ಮಾತಾಡಿಸು, ಆಗುತ್ತದೆ ಅನ್ನಿಸಿದರೆ ತಮಿಳು ಅಕ್ಷರಗಳನ್ನು ಅವರಿಗೂ ತೋರಿಸು.

ಆ ಬರಹದ ಫೋಟೋ ತೆಗೆದು ನನಗೆ ಕಳಿಸು. ನಾನು ಹೋದಾಗ ಇದ್ದ ರೀಲನ್ನೆಲ್ಲ ಸೇತುವೆ ಮೇಲೇ ಮುಗಿಸಿಬಿಟ್ಟಿದ್ದೆ.

ನಿನ್ನ ದೊಡ್ಡಪ್ಪ