ಗಣಿತದ ಟೀಚರಮ್ಮನಿಗೆ ದೊಡ್ಡಪ್ಪನ ಕಾಗದ

ಮೂಡಿಗೆರೆ
ಜೂನ್ ಎರಡನೇ ವಾರ

ಚಿ|| ಸಹನಾಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ. ಮಳೆ ಹಿಡಿದ ಮೇಲೆ ನಿನ್ನ ದೊಡ್ಡಮ್ಮನ ಮಂಡಿನೋವು ಸ್ವಲ್ಪ ಜಾಸ್ತಿ, ಅದು ಪ್ರತಿ ವರ್ಷದ ಕಥೆ.

ಆರರಿಂದ ಎಂಟನೇ ಕ್ಲಾಸಿನವರೆಗೆ ಗಣಿತ ನಿನ್ನ ಪಾಲಿಗೇ ಬಂದಿದೆ, ತರಬೇತಿಯಲ್ಲಿ ‘ನಿಜಜೀವನದ ಸಮಸ್ಯೆಗಳ ಮೂಲಕ ಕಲಿಸಿ’ ಅಂದರು, ಹಾಗಂದರೆ ಕ್ಲಾಸಿನಲ್ಲಿ ಅಂಗಡಿ ಆಟ ಆಡಿಸಬೇಕಾ ಅಂತ ಫೋನಿನಲ್ಲಿ ಕೇಳಿದೆಯಲ್ಲ. ಅದಕ್ಕೆ ಈ ಕಾಗದ. ನಾನು ಮೇಷ್ಟ್ರಲ್ಲ ಕಣಮ್ಮ. ಕಾಫಿ ಎಸ್ಟೇಟಿನಲ್ಲಿ ರೈಟರಾಗಿ ಆಳುಗಳ ಹಾಜರಿಯ ಚೆಕ್‌ರೋಲ್ ಬರೆದು, ಸಂಜೆ ಹೊತ್ತು ಕಣದಲ್ಲಿ ತೂಕದ ಮುಂದೆ ನಿಂತು ಕೂದಲು ಬೆಳ್ಳಗಾದವನು. ಆದರೆ ಯಾವ ಲೆಕ್ಕ ನಿಜ, ಯಾವುದು ನಾಟಕ ಅನ್ನುವುದು ಗೊತ್ತು. ಅಂದಹಾಗೆ, ಇದನ್ನು ಹೊಸ ಪದ್ಧತಿ ಅಂದರೆ ನನಗೆ ನಗು ಬರುತ್ತದೆ. ಹನ್ನೆರಡನೇ ಶತಮಾನದಲ್ಲೇ ರಾಜಾದಿತ್ಯ ಅನ್ನುವ ಗಣಿತಜ್ಞ ಕನ್ನಡದಲ್ಲಿ ‘ವ್ಯವಹಾರಗಣಿತ’ ಅಂತಲೇ ಹೆಸರಿಟ್ಟು ಬರೆದಿದ್ದ.

ರಾಮು 60 ಕಲ್ಲಂಗಡಿ ಕೊಂಡ, ಅದರಲ್ಲಿ ಕಾಲು ಭಾಗ ಸೋಮುವಿಗೆ ಕೊಟ್ಟ. ಇದು ನಾಟಕ. ಉತ್ತರ ಸರಿಯಾದರೂ ತಪ್ಪಾದರೂ ಯಾರ ಮನೆಯಲ್ಲೂ ಏನೂ ಆಗುವುದಿಲ್ಲ. ಉತ್ತರ ನೋಡಿಕೊಂಡು ಯಾರಾದರೂ ಒಂದು ತೀರ್ಮಾನಕ್ಕೆ ಬರುವಂತಿರಬೇಕು: ಮಾರುವುದೋ ಕಾಯುವುದೋ, ಸಾಲ ತರುವುದೋ ಬೇಡವೋ, ಬೇಲಿಗೆ ಎಷ್ಟು ತಂತಿ ತರುವುದು. ಅಂಥದ್ದನ್ನು ಹುಡುಕು.

ಒಂದು ಹೇಳುತ್ತೇನೆ. 50 ಕೆ.ಜಿ.ಯ ಒಂದು ಮೂಟೆ ಒಣ ರೋಬಸ್ಟಾ ಚೆರ್ರಿಯ, ಅಂದರೆ ಒಣಗಿಸಿದ ಕಾಫಿ ಹಣ್ಣಿನ, ಸಿಪ್ಪೆ ತೆಗೆಸಿದರೆ ಎಷ್ಟು ಕೆ.ಜಿ. ಬೀಜ ಬರುತ್ತದೋ ಅದು ಔಟ್‌ಟರ್ನ್, ವ್ಯಾಪಾರದವರ ಬಾಯಲ್ಲಿ ಓಟಿ. 26 ಬಂದರೆ ಶೇಕಡಾ 52, 28 ಬಂದರೆ 56. ಪುಸ್ತಕದ ಲೆಕ್ಕ ಇಲ್ಲಿಗೆ ಮುಗಿಯುತ್ತದೆ, ನಿನ್ನದು ಇಲ್ಲಿಂದ ಶುರುವಾಗಲಿ. ಒಬ್ಬ ವ್ಯಾಪಾರಿ ‘ಓಟಿ ಗೀಟಿ ಬೇಡ, ಮೂಟೆಗೆ 10,000’ ಅನ್ನುತ್ತಾನೆ. ಇನ್ನೊಬ್ಬ ‘ಓಟಿಗೆ 380’ ಅನ್ನುತ್ತಾನೆ, ಅಂದರೆ ಮೂಟೆಯಲ್ಲಿ ಬಂದ ಬೀಜದ ಒಂದೊಂದು ಕೆ.ಜಿ.ಗೂ 380. ರೇಟು ನಾನು ಸುಮ್ಮನೆ ಹಾಕಿದ್ದು, ನೀನು ಆ ವಾರದ್ದು ಹಾಕಿಕೋ. ಯಾರಿಗೆ ಕೊಡಬೇಕು? 26ಕ್ಕೆ ಗುಣಿಸಿದವರು 9,880 ಅಂತ ಹೇಳಿ ಮೊದಲನೆಯವನ ಕಡೆ ಹೋಗುತ್ತಾರೆ, 27ಕ್ಕೆ ಗುಣಿಸಿದವರು 10,260 ಅಂತ ಎರಡನೆಯವನ ಕಡೆ. ಜಗಳ ಆಗುತ್ತದೆ, ಆಗಲಿ ಬಿಡು. ‘ಓಟಿ ಎಷ್ಟು ಅಂತ ಗೊತ್ತಿಲ್ಲದೆ ಹೇಗೆ ಹೇಳೋದು ಮಿಸ್’ ಅಂತ ಯಾರಾದರೂ ಕೇಳುವವರೆಗೆ ನೀನು ಬಾಯಿ ಬಿಡಬೇಡ. ಕೇಳಿದ ಮೇಲೆ ಗೊತ್ತಿಲ್ಲದ ಆ ಓಟಿಯನ್ನೇ ‘ಎಕ್ಸ್’ ಅಂತ ಬೋರ್ಡಿಗೆ ಬರೆ. 380 ಎಕ್ಸ್ ಅಂದರೆ 10,000. ಎಕ್ಸ್ ಅಂದರೆ 26.3ರ ಹತ್ತಿರ. ಅದಕ್ಕಿಂತ ಮೇಲಿದ್ದರೆ ಎರಡನೆಯವನು, ಕೆಳಗಿದ್ದರೆ ಮೊದಲನೆಯವನು. ಎಕ್ಸ್ ಯಾಕೆ ಬೇಕು ಅಂತ ಆಮೇಲೆ ಯಾರೂ ಕೇಳುವುದಿಲ್ಲ.

ಓಟಿಯನ್ನು ಮಕ್ಕಳ ಕೈಯಲ್ಲೇ ತೆಗೆಸು. ಒಂದೊಂದು ಗುಂಪಿಗೆ 100 ಗ್ರಾಂ ಒಣ ಚೆರ್ರಿ ಕೊಡು, ಸುಲಿಯಲಿ, ಬೀಜವನ್ನು ಅಂಗಡಿಯ ಡಿಜಿಟಲ್ ತಕ್ಕಡಿಯಲ್ಲಿ ತೂಗಲಿ. 54 ಗ್ರಾಂ ಬಂದರೆ ಓಟಿ 27. ಒಂದು ಗುಂಪಿಗೆ 52, ಇನ್ನೊಂದಕ್ಕೆ 55 ಬರುತ್ತದೆ. ಯಾವುದು ಸರಿ ಅಂತ ನೀನು ತೀರ್ಪು ಕೊಡಲು ಹೋಗಬೇಡ. ಒಂದೇ ಮೂಟೆಯಲ್ಲಿ ಇಷ್ಟು ವ್ಯತ್ಯಾಸ ಯಾಕೆ ಅಂತ ಅವರೇ ತಲೆ ಕೆಡಿಸಿಕೊಳ್ಳಲಿ. ನಿಜದ ಲೆಕ್ಕದಲ್ಲಿ ಉತ್ತರ ಪುಸ್ತಕದ ಹಾಗೆ ದುಂಡಗೆ ಬರುವುದಿಲ್ಲ, ಅದಕ್ಕೆ ಹೆದರಬಾರದು ಅನ್ನುವುದನ್ನೂ ಹೀಗೇ ಕಲಿಯಬೇಕು.

ದಶಮಾಂಶಕ್ಕೆ ಮಳೆಗಿಂತ ಒಳ್ಳೆಯದು ನಮ್ಮ ಕಡೆ ಇನ್ನೊಂದಿಲ್ಲ. ತೋಟದವರು ಮಳೆ ಹೇಳುವುದು ಇಂಚು-ಸೆಂಟಿನಲ್ಲಿ. ನೂರು ಸೆಂಟು ಒಂದು ಇಂಚು. ‘ಒಂದು ಇಂಚು ಐದು ಸೆಂಟು’ ಬರೆಯಲು ಹೇಳಿ ನೋಡು, ಅರ್ಧ ಕ್ಲಾಸು 1.5 ಅಂತ ಬರೆಯುತ್ತದೆ. 1.05 ಅಂತ ತಿದ್ದುವ ಮೊದಲು ‘ಹಾಗಾದರೆ ಒಂದು ಇಂಚು ಐವತ್ತು ಸೆಂಟು ಹೇಗೆ ಬರೀತೀರಿ’ ಅಂತ ಕೇಳು. ಆಮೇಲೆ ಸ್ಕೂಲಿನ ಛಾವಣಿಯ ಲೆಕ್ಕ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್. ಛಾವಣಿ 12 ಮೀಟರ್ ಉದ್ದ, 6 ಮೀಟರ್ ಅಗಲ ಇದ್ದರೆ 72 ಚದರ ಮೀಟರ್. ಒಂದು ಇಂಚು ಅಂದರೆ 25.4 ಮಿಲಿಮೀಟರ್. ಗುಣಿಸಿದರೆ 1,828.8 ಲೀಟರ್. ಸಾವಿರ ಲೀಟರಿನ ಸಿಂಟೆಕ್ಸ್ ಎರಡು ಹತ್ತಿರ ಹತ್ತಿರ ತುಂಬುತ್ತವೆ ಅಂದರೆ ಯಾರೂ ನಂಬುವುದಿಲ್ಲ. ಬೇಸಿಗೆಯಲ್ಲಿ ಬಿಸಿಯೂಟದವರು ನೀರಿಗೆ ಪರದಾಡುವ ಸ್ಕೂಲಾದರೆ ಈ ಲೆಕ್ಕ ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿ ಮೀಟಿಂಗಿಗೂ ಹೋಗಬೇಕು, ಮಕ್ಕಳೇ ಒಯ್ಯಲಿ.

ವಿಸ್ತೀರ್ಣ, ಸುತ್ತಳತೆಗೆ ಹಗ್ಗ ಸಾಕು. ಅಂಗಳದಲ್ಲಿ 33 ಅಡಿಗೆ 33 ಅಡಿ ಎಳೆದರೆ ಒಂದು ಗುಂಟೆ, 1,089 ಚದರಡಿ. ಪಕ್ಕದಲ್ಲಿ 30-40 ಸೈಟು ಎಳೆಯಲಿ. ಗುಂಟೆಗಿಂತ ಸೈಟೇ ದೊಡ್ಡದು. ಆಮೇಲೆ 11 ಅಡಿಗೆ 99 ಅಡಿಯ ಪಟ್ಟಿ. ಅದೂ ಒಂದೇ ಗುಂಟೆ, ಆದರೆ ಬೇಲಿ 132 ಅಡಿ ಹೋಗಿ 220 ಆಯಿತು. ಪಾಲಾಗಿ ಪಾಲಾಗಿ ಪಟ್ಟಿಯಾದ ಜಮೀನು ನೋಡಿದ ಮಕ್ಕಳಿಗೆ ಹೆಚ್ಚು ಹೇಳಬೇಕಾಗಿಲ್ಲ.

ಇನ್ನೊಂದು ಮಾತು, ಇದನ್ನು ಸ್ವಲ್ಪ ಒತ್ತಿ ಹೇಳುತ್ತೇನೆ. ‘ನಿಮ್ಮ ತೋಟ ಎಷ್ಟು ಎಕರೆ’, ‘ನಿಮ್ಮಪ್ಪ ಎಷ್ಟು ಸಾಲ ತಂದಿದ್ದಾರೆ’ ಅಂತ ಯಾವ ಮಗುವನ್ನೂ ಕೇಳಬೇಡ. ನಿನ್ನ ಒಂದೇ ಬೆಂಚಿನಲ್ಲಿ ತೋಟದವರ ಹುಡುಗ, ಎಸ್ಟೇಟ್ ಆಳುಗಳ ಲೈನ್ ಮನೆಯ ಹುಡುಗಿ, ಅಸ್ಸಾಮಿನಿಂದ ಕೆಲಸಕ್ಕೆ ಬಂದವರ ಮಗು ಮೂವರೂ ಕೂತಿರಬಹುದು. ನಿಜಜೀವನ ಅಂತ ಮನೆಯ ಸಂಕಟವನ್ನು ಬೋರ್ಡಿಗೆ ತಂದರೆ ಆ ಮಗು ನಾಳೆಯಿಂದ ಕೈ ಎತ್ತುವುದಿಲ್ಲ. ಸಾಲದ ಲೆಕ್ಕ ಬಿಡು ಅಂತಲ್ಲ, ಖಂಡಿತ ಮಾಡಿಸು, ಆದರೆ ಊರುಕೇರಿ ಇಲ್ಲದ ಒಬ್ಬನ ಹೆಸರಿನಲ್ಲಿ. ಹತ್ತು ಸಾವಿರ ಸಾಲ, ಮುಂಗಡವೇ ಸಾವಿರ ಮುರಿದುಕೊಂಡು ಕೈಗೆ ಒಂಬತ್ತು, ದಿನಕ್ಕೆ ನೂರರಂತೆ ನೂರು ದಿನ. ಕೊಟ್ಟವನು ನೂರಕ್ಕೆ ಹತ್ತು ಬಡ್ಡಿ ಅನ್ನುತ್ತಾನೆ. ಕೈಗೆ ಬಂದಿದ್ದು ಒಂಬತ್ತೇ ಆದ್ದರಿಂದ ಅದು ಶೇಕಡಾ 11.1, ಅದೂ ವರ್ಷಕ್ಕಲ್ಲ, ನೂರು ದಿನಕ್ಕೆ, ಅದೂ ಮೊದಲ ದಿನದಿಂದಲೇ ಅಸಲು ತೀರುತ್ತಾ ಇರುವಾಗ. ಲೈನ್ ಮನೆಯ ಮಕ್ಕಳನ್ನು ಲೆಕ್ಕದಲ್ಲಿ ಹಿಂದೆ ಅಂದುಕೊಳ್ಳಬೇಡ. ಕುಯ್ಲಿನ ಕಾಲದಲ್ಲಿ ಅವರ ಅಜ್ಜಿಯರು ಚೀಲದ ತೂಕ ಕಳೆದು ವಾರದ ಕೆ.ಜಿ. ಬಾಯಲ್ಲೇ ಕೂಡಿ, ನನ್ನ ಪುಸ್ತಕದ ಎದುರು ತಾಳೆ ನೋಡುತ್ತಿದ್ದರು. ಅಕ್ಷರ ಬಾರದವರು.

ಇಷ್ಟೆಲ್ಲ ಹೇಳಿದೆ ಅಂತ ಮಗ್ಗಿ ಬಿಡಿಸಬೇಡ, ತರಬೇತಿಯವರು ಏನೇ ಅನ್ನಲಿ. ಏಳೆಂಟ್ಲಿ ಎಷ್ಟು ಅಂತ ತಡವರಿಸುವ ಮಗುವಿಗೆ ಓಟಿಯ ಯೋಚನೆಗೆ ತಲೆಯಲ್ಲಿ ಜಾಗ ಉಳಿಯುವುದಿಲ್ಲ. ಹದಿನೈದು ದಿನಕ್ಕೆ ಇಂಥ ಒಂದು ದೊಡ್ಡ ಲೆಕ್ಕ ಸಾಕು. ಅದು ಮುಗಿದ ಮೇಲೆ ಕಾಫಿ, ಮೂಟೆ, ವ್ಯಾಪಾರಿ ಎಲ್ಲವನ್ನೂ ತೆಗೆದುಹಾಕಿ ಬರೀ ಸಮೀಕರಣಗಳನ್ನು ಕೊಟ್ಟು ಮಾಡಿಸು. ಆಗಲೇ ಅದು ಗಣಿತ, ಇಲ್ಲದಿದ್ದರೆ ಕಾಫಿ ವ್ಯಾಪಾರ. ಋಣ ಸಂಖ್ಯೆಗೆ ಋಣ ಸಂಖ್ಯೆ ಗುಣಿಸಿದರೆ ಧನ ಯಾಕೆ ಅನ್ನುವುದಕ್ಕೆಲ್ಲ ಕಥೆ ಕಟ್ಟಲು ಹೋಗಿ ಒದ್ದಾಡಬೇಡ ಮಾರಾಯ್ತಿ. ಕೆಲವು ಪಾಠ ಸಂಖ್ಯೆಗಳ ಒಳಗೇ ಚಂದ.

ನನ್ನ ಹಳೆಯ ಮಳೆ ಪುಸ್ತಕಗಳನ್ನು ಭಾನುವಾರ ನಿನ್ನ ತಮ್ಮನ ಕೈಲಿ ಕಳಿಸುತ್ತೇನೆ, ಸರಾಸರಿಯ ಪಾಠಕ್ಕೆ ಆಗುತ್ತದೆ. ಮಾರ್ಚ್ ತಿಂಗಳನ್ನು ಮಾತ್ರ ತೆಗೆದುಕೋ. ಐದು ವರ್ಷದ ಮಾರ್ಚ್ ಮಳೆ ಹೀಗಿದೆ ಅಂದುಕೋ: 0, 0.10, 0.25, 0.40, 4.25. ಕೂಡಿದರೆ ಐದು ಇಂಚು, ಸರಾಸರಿ ಒಂದು ಇಂಚು. ಕಾಫಿ ಹೂ ಬಿಡಿಸುವ ಹೂಮಳೆಗೆ ಒಂದು ಇಂಚು ಸಾಕಲ್ಲ ಅಂತ ಸ್ಪ್ರಿಂಕ್ಲರ್ ಹಾಕದೆ ಕೂತವನಿಗೆ ಐದರಲ್ಲಿ ನಾಲ್ಕು ವರ್ಷ ಹೂವೇ ಕೈಕೊಡುತ್ತದೆ. ಮಧ್ಯಾಂಕ, ಅಂದರೆ ಸಾಲಿನ ನಡುವಿನ ಸಂಖ್ಯೆ, ತೆಗೆದರೆ 0.25. ಎರಡರಲ್ಲಿ ಯಾವುದನ್ನು ನಂಬಿ ಸ್ಪ್ರಿಂಕ್ಲರ್ ಪಂಪಿಗೆ ಡೀಸೆಲ್ ತರಿಸುತ್ತೀರಿ ಅಂತ ಏಳನೇ ಕ್ಲಾಸನ್ನು ಕೇಳು, ಏನಂದರು ಅಂತ ನನಗೆ ಬರೆ. ಪುಸ್ತಕದ ಹಾಳೆ ಹಳೆಯದು, ಒದ್ದೆ ಕೈಯಲ್ಲಿ ಮುಟ್ಟಿಸಬೇಡ.

ಇಂತಿ ನಿನ್ನ
ದೊಡ್ಡಪ್ಪ