ಪಾಲಿಸಿಗೆ ಸಹಿ ಹಾಕುವ ಮೊದಲು ಆಸ್ಪತ್ರೆಗಳ ಪಟ್ಟಿ ತೋರಿಸಿ

ಮಾನ್ಯ ಸಂಪಾದಕರೇ,

ನಾನು ಕಾಸರಗೋಡಿನ ಖಾಸಗಿ ಸಂಸ್ಥೆಯೊಂದರಲ್ಲಿ ಲೆಕ್ಕಪತ್ರ ನೋಡುವವಳು. ನಮ್ಮ ಆಡಳಿತದವರು ಈ ವರ್ಷ ನೌಕರರ ಆರೋಗ್ಯ ವಿಮೆಯನ್ನು ಬೇರೆ ಕಂಪನಿಗೆ ವಹಿಸಿದರು. ಪ್ರೀಮಿಯಂ ಇಳಿಯಿತು, ಸಂಬಳದಲ್ಲಿ ಹಿಡಿಯುವ ಮೊತ್ತವೂ ಇಳಿಯಿತು. ಆಮೇಲೆ ಕ್ಯಾಶ್‌ಲೆಸ್ (ನಾವು ಹಣ ಕಟ್ಟದೆ, ಬಿಲ್ಲನ್ನು ವಿಮಾ ಕಂಪನಿಯೇ ಕಟ್ಟುವ) ಆಸ್ಪತ್ರೆಗಳ ಪಟ್ಟಿ ಬಂತು. ಕಣ್ಣೂರು, ಕಲ್ಲಿಕೋಟೆಯವು ಸಾಲುಸಾಲಾಗಿವೆ. ಮಂಗಳೂರಿನಲ್ಲಿ ನಾವು ಹೋಗುವ ಆಸ್ಪತ್ರೆ ಒಂದೂ ಇಲ್ಲ.

ಬದಿಯಡ್ಕ, ಕುಂಬಳೆ, ಮಂಜೇಶ್ವರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿ ರಾಜ್ಯ ಬೇರೆಯಾದರೂ ದೊಡ್ಡ ಕಾಯಿಲೆಗೆ ನಮ್ಮವರು ಮಂಗಳೂರಿಗೇ ಹೋಗುತ್ತ ಬಂದರು. 2020ರ ಮಾರ್ಚ್‌ನಲ್ಲಿ ಕೊರೊನಾ ಎಂದು ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಗಡಿ ದಾಟಲಾಗದೆ ಜೀವ ಕಳಕೊಂಡವರ ಮನೆಗಳು ಈ ಭಾಗದಲ್ಲೇ ಇವೆ.

ನನ್ನ ಅತ್ತೆಯ ಹೃದಯದ ಕಾಯಿಲೆಗೆ ಮಂಗಳೂರಿನ ಡಾಕ್ಟರೊಬ್ಬರ ಮದ್ದು ಬಹುಕಾಲದಿಂದ ನಡೆಯುತ್ತಿದೆ. ಹಳೆಯ ರಿಪೋರ್ಟುಗಳೆಲ್ಲ ಅಲ್ಲಿವೆ. ಅತ್ತೆಗೆ ಮಲಯಾಳ ಅಷ್ಟಕ್ಕಷ್ಟೆ. ಎದೆ ಹಿಡಿದ ಹಾಗಾಗುತ್ತದೋ ಉರಿಯುತ್ತದೋ ಎಂದು ಡಾಕ್ಟರು ತುಳುವಿನಲ್ಲಿ ಕೇಳಿದರೆ ಎಲ್ಲ ಹೇಳುತ್ತಾರೆ. ಬೇರೆ ಕಡೆ ನನ್ನ ಮುಖ ನೋಡಿ ಸುಮ್ಮನಾಗುತ್ತಾರೆ. ಇಂಥವರಿಗೆ ಡಾಕ್ಟರರ ಆಯ್ಕೆ ಷೋಕಿಯಲ್ಲ.

ಹಾಗೆಂದು ಅಗ್ಗದ ಪಾಲಿಸಿಯೇ ಬೇಡ ಎನ್ನಲಾರೆ. ಸಂಬಳದ ಪಟ್ಟಿ ಮಾಡುವವಳು ನಾನೇ. ಈಗಷ್ಟೇ ಸೇರಿದ ಹುಡುಗರಿಗೆ ತಿಂಗಳಿಗೆ ಇನ್ನೂರು ರೂಪಾಯಿ ಹೆಚ್ಚು ಹಿಡಿದರೂ ಕಷ್ಟ. ಬೈಕಿನಿಂದ ಬಿದ್ದರೆ ಬಿಲ್ಲು ಕಟ್ಟುವ ವ್ಯವಸ್ಥೆ ಇದ್ದರೆ ಅವರಿಗೆ ಸಾಕು, ಡಾಕ್ಟರು ಯಾರೂ ಆಗಬಹುದು. ನನ್ನ ಅತ್ತೆಯ ಡಾಕ್ಟರಿಗಾಗಿ ಅವರು ಯಾಕೆ ದುಡ್ಡು ಕೊಡಬೇಕು? ಎಲ್ಲರಿಗೂ ಈಗಿನ ಪಾಲಿಸಿಯೇ ಇರಲಿ. ಮಂಗಳೂರಿನ ಆಸ್ಪತ್ರೆಗಳೂ ಬೇಕು ಎನ್ನುವವರಿಂದ ಹೆಚ್ಚಿನ ಪ್ರೀಮಿಯಂ ಪಡೆದು ಸೇರಿಸಿಕೊಡಲಿ. ನಾನು ಕೊಡಲು ತಯಾರಿದ್ದೇನೆ.

ಪಟ್ಟಿಯಲ್ಲಿ ಇಲ್ಲದ ಆಸ್ಪತ್ರೆಯಲ್ಲೂ ಕ್ಯಾಶ್‌ಲೆಸ್ ಪಡೆಯುವ ದಾರಿಯನ್ನು ವಿಮಾ ಕಂಪನಿಗಳು 2024ರ ಜನವರಿಯಲ್ಲಿ ತೆರೆದಿವೆ. ಮೊದಲೇ ನಿಗದಿಯಾದ ಚಿಕಿತ್ಸೆಯಾದರೆ 48 ಗಂಟೆ ಮುಂಚೆ, ತುರ್ತಾದರೆ ದಾಖಲಾದ 48 ಗಂಟೆಯೊಳಗೆ ತಿಳಿಸಬೇಕು. ಇದು ನಮ್ಮ ನೌಕರರಲ್ಲಿ ಹೆಚ್ಚಿನವರಿಗೆ ಗೊತ್ತೇ ಇಲ್ಲ, ಯಾರಾದರೂ ಹೇಳಬೇಕಿತ್ತು. ಆದರೆ ಕಂಪನಿ ಒಪ್ಪದಿದ್ದರೆ ಹಣ ನಾವೇ ಕಟ್ಟಿ ಆಮೇಲೆ ಬಿಲ್ಲು ಕಳಿಸಬೇಕು. ಅಡಿಕೆ ಕೊಯ್ಲಿನ ಮೊದಲು ಅಷ್ಟು ಹಣ ನಮ್ಮಂಥವರ ಕೈಯಲ್ಲಿ ಎಲ್ಲಿರುತ್ತದೆ? ಬಳೆ ಅಡವಿಡಬೇಕಷ್ಟೆ.

ಗಡಿನಾಡಿನ ಸಂಸ್ಥೆಗಳ ಆಡಳಿತದವರಲ್ಲಿ ನನ್ನ ವಿನಂತಿ ಇಷ್ಟೆ. ಮುಂದಿನ ನವೀಕರಣಕ್ಕೆ ಮೊದಲು ಆಸ್ಪತ್ರೆಗಳ ಪಟ್ಟಿಯನ್ನು ನೌಕರರ ಕೈಗೆ ಕೊಡಿ, ಯಾರ ಮನೆಯವರಿಗೆ ಎಲ್ಲಿ ಚಿಕಿತ್ಸೆ ನಡೆಯುತ್ತಿದೆ ಎಂದು ಕೇಳಿ, ಆಮೇಲೆ ದರ ಮಾತಾಡಿ.

– ಓರ್ವ ಉದ್ಯೋಗಿ, ಬದಿಯಡ್ಕ