ಭರಣಿ ಮಳೆಗೆ ಮೊದಲೇ ಹೆಸರು ಬೀಜ ಕೊಡಿ

ಸಂಪಾದಕರಿಗೆ ನಮಸ್ಕಾರ.

ಅರಸೀಕೆರೆ, ಕಡೂರು ಕಡೆಯ ಮಳೆಯಾಶ್ರಿತ ಹೊಲಗಳಲ್ಲಿ ರಾಗಿ ಆದ ಮೇಲೆ ರಾಗಿ, ಮುಸುಕಿನ ಜೋಳ ಆದ ಮೇಲೆ ಮತ್ತೆ ಜೋಳ, ಇದೇ ನಡೆದಿದೆ. ಜೋಳಕ್ಕಂತೂ ಯೂರಿಯಾ ಎಷ್ಟು ಸುರಿದರೂ ಸಾಲದು. ಜೋಳದ ಸುಳಿ ತಿನ್ನುವ ಫಾಲ್ ಸೈನಿಕ ಹುಳುವಿನ ಕಾಟ ಬೇರೆ. ಅದು ನಮ್ಮ ರಾಜ್ಯದಲ್ಲಿ 2018ರಲ್ಲಿ ಕಾಣಿಸಿಕೊಂಡಿತು, ಈಗ ಬಿಡುವ ಲಕ್ಷಣವೇ ಇಲ್ಲ.

ಏಪ್ರಿಲ್ ಕೊನೆಗೆ ಬರುವ ಭರಣಿ ಮಳೆಗೆ ಹೆಸರು ಇಲ್ಲವೇ ಅಲಸಂದೆ ಬಿತ್ತಿದರೆ ಎರಡು ಎರಡೂವರೆ ತಿಂಗಳಿಗೆ ಕಾಯಿ ಕೈಗೆ ಸಿಗುತ್ತದೆ, ಅದೇ ಹೊಲಕ್ಕೆ ಜುಲೈನಲ್ಲಿ ರಾಗಿ ಹಾಕಬಹುದು. ನಮ್ಮ ಹಿರಿಯರು ಹೀಗೇ ಮಾಡುತ್ತಿದ್ದರು. ಹೂವಿನ ಹೊತ್ತಿಗೆ ಒಂದು ಗಿಡವನ್ನು ಮಣ್ಣು ಸಮೇತ ಮೆಲ್ಲಗೆ ಅಗೆದು ನೋಡಿ. ಬೇರಿನ ತುಂಬ ಸಣ್ಣ ಗಂಟುಗಳಿರುತ್ತವೆ. ಒಂದನ್ನು ಸೀಳಿದರೆ ಒಳಗೆ ಗುಲಾಬಿ ಬಣ್ಣವಿರಬೇಕು, ಆಗ ಅದರೊಳಗಿನ ರೈಜೋಬಿಯಂ ಜೀವಾಣು ಗಾಳಿಯ ಸಾರಜನಕವನ್ನು ಗಿಡಕ್ಕೆ ಹಿಡಿದು ಕೊಡುತ್ತಿದೆ ಅಂತ ಅರ್ಥ. ಆದರೆ ಆ ಸಾರಜನಕದಲ್ಲಿ ಬಹುಪಾಲು ಕಾಳಿನ ಜೊತೆ ಮನೆಗೆ ಹೋಗುತ್ತದೆ. ಅದಕ್ಕೇ ಗಿಡ ಕಿತ್ತು ಹಾಕಬೇಡಿ, ಕಾಯಿ ಬಿಡಿಸಿಕೊಂಡು ಸೊಪ್ಪು, ಕಡ್ಡಿ, ಬೇರು ಎಲ್ಲವನ್ನೂ ಹಸಿ ಇರುವಾಗಲೇ ಉತ್ತು ಮಣ್ಣಿಗೆ ಸೇರಿಸಿ. ದನಕ್ಕೆ ಮೇವು ಬೇಕು, ನಿಜ. ಆದರೂ ಅರ್ಧ ಹೊಲದಲ್ಲಾದರೂ ಮಾಡಿ ನೋಡಬಹುದು ಅಲ್ವಾ? ಮುಂಗಾರು ತಪ್ಪಿದರೆ ಹುರುಳಿ ಇದ್ದೇ ಇದೆ. ರಾಗಿ ಜೊತೆ ಅಕ್ಕಡಿ ಸಾಲಿನಲ್ಲಿ, ಅಂದರೆ ರಾಗಿಯ ನಡುನಡುವೆ ಬಿಡುವ ಸಾಲಿನಲ್ಲಿ, ಅವರೆ, ತೊಗರಿ ಹಾಕುವುದನ್ನೂ ಬಿಡಬಾರದು.

ತೊಂದರೆ ಇರುವುದು ಬೀಜದಲ್ಲಿ. ನಮ್ಮ ಕಡೆ ರಿಯಾಯಿತಿ ಹೆಸರು ಬೀಜ ಬರುವ ಹೊತ್ತಿಗೆ ಭರಣಿ, ಕೃತ್ತಿಕೆ ಎರಡೂ ಮುಗಿದಿರುತ್ತವೆ. ಜೂನ್‌ನಲ್ಲಿ ಬಿತ್ತಿದರೆ ರಾಗಿಗೆ ಹೊಲ ಖಾಲಿ ಆಗುವುದಿಲ್ಲ, ಅದಕ್ಕೇ ಜನ ಸುಮ್ನೆ ಜೋಳದ ಬೀಜ ಹೊತ್ತು ಬರುತ್ತಾರೆ. ರೈತರಿಗೆ ಮನಸ್ಸಿಲ್ಲ ಅನ್ನುವುದು ಸುಳ್ಳು. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯ ಕೃಷಿ ಅಧಿಕಾರಿಗಳು ದಯವಿಟ್ಟು ಯುಗಾದಿ ಹೊತ್ತಿಗೇ ಹೆಸರು, ಅಲಸಂದೆ ಬೀಜ ತರಿಸಿಡಲಿ. ಬೀಜದ ಜೊತೆಗೇ ಆ ರೈಜೋಬಿಯಂ ಜೀವಾಣು ಗೊಬ್ಬರದ ಪೊಟ್ಟಣವನ್ನೂ ಕೊಡಲಿ, ಬೆಲ್ಲದ ನೀರಲ್ಲಿ ಬೀಜಕ್ಕೆ ಸವರಿ ನೆರಳಲ್ಲಿ ಆರಿಸುವುದನ್ನು ಒಮ್ಮೆ ಎದುರಿಗೇ ಮಾಡಿ ತೋರಿಸಲಿ. ಆ ಪೊಟ್ಟಣಗಳನ್ನು ಬಿಸಿಲು ಬೀಳುವ ಕಡೆ ಪೇರಿಸಿಡಬೇಡಿ. ಒಳಗಿರುವುದು ಜೀವ, ಕಾವಿಗೆ ಸತ್ತುಹೋಗುತ್ತದೆ.

— ಒಬ್ಬ ರೈತ, ಅರಸೀಕೆರೆ ತಾಲ್ಲೂಕು, ಹಾಸನ ಜಿಲ್ಲೆ